ತಳ್ಳುಗಾಡಿಯ ಹಿಡಿಗೆ ಕ್ಯಾಪ್ ಮಾಡುವವರೇ, ಮೊದಲು ಪೈಪಿನ ಬಾಯಿಗೆ ಬೆರಳು ಹಾಕಿ ನೋಡಿ

ಕಸದ ತಳ್ಳುಗಾಡಿಯ ಹಿಡಿ ಇರುತ್ತದಲ್ಲ, ಆ ಪೈಪಿನ ತುದಿಗೆ ಹಾಕುವ ಪ್ಲಾಸ್ಟಿಕ್ ಎಂಡ್ ಕ್ಯಾಪ್ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಹೆಬ್ಬೆರಳಿನಷ್ಟೇ ಇರುವ ವಸ್ತು. ನಾನು ಡಿಸೈನ್ ಮಾಡಿದ ಕ್ಯಾಪ್ ಕಳಚಿ ಬಿದ್ದಿತ್ತು. ಆ ಪೈಪಿನ ಅಂಚಿಗೆ ಸಿಕ್ಕಿ ಒಬ್ಬ ಪೌರಕಾರ್ಮಿಕ ಅಕ್ಕನ ಅಂಗೈ ಸೀಳಿಹೋಯಿತು. ಈ ಕೆಲಸ ಮಾಡುವವರು, ಮಾಡಿಸುವವರು ಓದಲಿ ಅಂತ ನಡೆದದ್ದನ್ನೆಲ್ಲ ಹೇಳುತ್ತೇನೆ.

ಗಾಡಿ ನಿಮಗೆ ಗೊತ್ತೇ ಇರುತ್ತದೆ. ಬೆಳಿಗ್ಗೆ ಮನೆ ಮುಂದೆ ಬರುವ ಕಬ್ಬಿಣದ ಫ್ರೇಮು, ಅದರ ಮೇಲೆ ನಾಲ್ಕೋ ಆರೋ ಡಬ್ಬ. ಹಸಿರಿಗೆ ಹಸಿ ಕಸ, ನೀಲಿಗೆ ಒಣ ಕಸ. ಕೆಲವು ಗಾಡಿಗಳಲ್ಲಿ ಹಿಡಿಯನ್ನು ಒಂದೇ ಪೈಪು ಬಗ್ಗಿಸಿ ಮಾಡಿರುತ್ತಾರೆ. ಅದಕ್ಕೆ ತೆರೆದ ತುದಿಯೇ ಇಲ್ಲ. ನಮ್ಮದು ಹಾಗಿರಲಿಲ್ಲ. ಹಿಂದಕ್ಕೆ ಚಾಚಿದ ಎರಡು ಪೈಪು, ಎರಡು ತೆರೆದ ಬಾಯಿ. ಪೀಣ್ಯದ ಒಂದು ಫ್ಯಾಬ್ರಿಕೇಷನ್ ಶೆಡ್ಡಿಗೆ ಇಂಥ 200 ಗಾಡಿಯ ಆರ್ಡರ್ ಸಿಕ್ಕಿತ್ತು. 400 ಕ್ಯಾಪ್ ಬೇಕು, ಸ್ಕ್ರೂ ಬೇಡ, ಅಂಟು ಬೇಡ, ಒತ್ತಿದರೆ ಟಕ್ ಅಂತ ಕೂರಬೇಕು ಅಂದರು. ಒಪ್ಪಿಕೊಂಡೆ.

ಡಿಸೈನ್ ಹೀಗಿತ್ತು. ಪೈಪಿನೊಳಗೆ ಹೋಗುವ ಭಾಗದಲ್ಲಿ ಎದುರುಬದುರಾಗಿ ಎರಡು ಪ್ಲಾಸ್ಟಿಕ್ ನಾಲಿಗೆ. ಒಂದೊಂದರ ತುದಿಯಲ್ಲಿ ಒಂದು ಗುಬುಟು. ಪೈಪಿನ ಗೋಡೆಯಲ್ಲಿ ಎರಡು ತೂತು. ಕ್ಯಾಪನ್ನು ಒಳಗೆ ತಳ್ಳುವಾಗ ನಾಲಿಗೆ ಬಾಗುತ್ತದೆ. ತೂತು ಸಿಕ್ಕಿದ ಕೂಡಲೇ ಗುಬುಟು ಅದರೊಳಗೆ ಹಾರಿ ಕೂರುತ್ತದೆ. ಶೆಡ್ಡಿನಿಂದ ಒಂದು ತುಂಡು ಪೈಪು ತಂದೆ. ತ್ರೀಡಿ ಪ್ರಿಂಟ್ ತೆಗೆದು ಹಾಕಿ ನೋಡಿದೆ. ಸೊಗಸಾಗಿ ಕೂತಿತು. ಕೈಯಲ್ಲಿ ಎಳೆದೆ, ಬರಲಿಲ್ಲ. ಆ ಒಂದು ತುಂಡನ್ನು ನಂಬಿ 85,000 ರೂಪಾಯಿ ಕೊಟ್ಟು ಕ್ಯಾಪಿನ ಅಚ್ಚು, ಅಂದರೆ ಡೈ, ಮಾಡಿಸಿದೆ.

ಗಾಡಿ ಹೋಗಿ ಎರಡೂವರೆ ತಿಂಗಳಿಗೆ ಶೆಡ್ಡಿನ ಯಜಮಾನರ ಫೋನ್ ಬಂತು. ಯಾರಿಗೋ ಕೈ ಕುಯ್ದಿದೆಯಂತೆ, ಬಂದು ನೋಡಿ ಅಂದರು. ಗಾಡಿ ನಿಲ್ಲಿಸುವ ಯಾರ್ಡಿಗೆ ಹೋದೆ. ಅಕ್ಕ ಅಲ್ಲೇ ಇದ್ದರು. ಬಲಗೈಗೆ ಬ್ಯಾಂಡೇಜು, ಎಡಗೈಯಲ್ಲಿ ಗಾಡಿ. ಐದು ಹೊಲಿಗೆ, ಟಿಟಿ ಇಂಜೆಕ್ಷನ್. ಮರುದಿನವೇ ಕೆಲಸಕ್ಕೆ ಬಂದಿದ್ದರು. ಗಾಯವನ್ನು ಕಸದ ನೀರಿನಲ್ಲಿ ನೆನೆಸಿಕೊಂಡು ಕೆಲಸ ಮಾಡುವುದು ಎಂಥದು ಅಂತ ಯೋಚಿಸಿ. ಹೇಗಾಯ್ತಕ್ಕ ಅಂತ ಕೇಳಿದೆ.

"ಹಂಪ್ ಹತ್ತಿಸುವಾಗ ಹಿಂದಕ್ಕೆ ಎಳೀಬೇಕಲ್ವಾ ಸಾರ್. ಆ ಬೂಚಿನ ಅಂಚಿಗೆ ಕೈ ಕೊಟ್ಟೇ ಎಳೆಯೋದು. ಎಳೆದೆ, ಬೂಚು ಕೈಗೆ ಬಂತು. ಗಾಡಿ ಮುಂದಕ್ಕೆ ಜಾರ್ತು ಅಂತ ಇನ್ನೊಂದು ಸಲ ಹಿಡಿದೆ. ಪೈಪು ಕುಯ್ದೇ ಬಿಡ್ತು."

ನನಗೆ ಅಲ್ಲೇ ಅರ್ಥವಾಯಿತು. ಚೆಂದ ಕಾಣಲಿ ಅಂತ ಕ್ಯಾಪಿನ ತಲೆಯನ್ನು ಪೈಪಿಗಿಂತ ಅಗಲವಾಗಿ, 29 ಎಂಎಂ ಮಾಡಿದ್ದೆ. ತಳ್ಳುವವರ ಅಂಗೈಗೆ ಅದು ಒಳ್ಳೆಯ ಆಸರೆ. ಗಾಡಿಯ ಪೂರ್ತಿ ಭಾರವನ್ನು ಆ ಅಂಚಿಗೆ ಕೈ ಕೊಟ್ಟೇ ಎಳೆಯುತ್ತಾರೆ. ಗಾಡಿಯನ್ನು ತಳ್ಳುತ್ತಾರೆ ಅಂತಷ್ಟೇ ನಾನು ಯೋಚಿಸಿದ್ದೆ. ಎಳೆಯುತ್ತಾರೆ ಅನ್ನುವುದು ತಲೆಗೇ ಬಂದಿರಲಿಲ್ಲ. ಡಿಸೈನ್ ಮಾಡುವ ಮೊದಲು ಒಂದು ಬೆಳಿಗ್ಗೆ ಅವರ ಜೊತೆ ನಡೆದಿದ್ದರೂ ಸಾಕಾಗಿತ್ತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಪೈಪಿನ ಬಾಯಿಗೆ ಬೆರಳು ಹಾಕಿದೆ. ಕಟಿಂಗ್ ಮಷೀನಿನಲ್ಲಿ ಕತ್ತರಿಸಿದಾಗ ಏಳುವ ಚೂಪು ಅಂಚು, ಅಂದರೆ ಬರ್, ಹಾಗೇ ಇತ್ತು, ಬ್ಲೇಡಿನ ಹಾಗೆ. ಯಜಮಾನರನ್ನು ಕೇಳಿದೆ. ಮುಂಚೆ ಹುಡುಗರು ಪ್ರತಿ ತುದಿಗೂ ಅರ ಹಾಕಿ ಉಜ್ಜುತ್ತಿದ್ದರಂತೆ. "ಈಗ ನಿಮ್ಮ ಕ್ಯಾಪ್ ಬರುತ್ತಲ್ಲ, ಅದಕ್ಕೆ ನಿಲ್ಲಿಸಿದ್ವಿ" ಅಂದರು. ಅಂದರೆ ನನ್ನ ಕ್ಯಾಪ್ ಇಲ್ಲದಿದ್ದರೆ ಆ ಅಂಚು ನುಣುಪಾಗಿರುತ್ತಿತ್ತು. ಕ್ಯಾಪ್ ಬಂದಿದ್ದರಿಂದಲೇ ಅದು ಹರಿತವಾಗಿ ಉಳಿಯಿತು. ಈ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ನೀವು ಎಂಥ ಕ್ಯಾಪನ್ನೇ ಮಾಡಿ, ಅದು ಒಂದು ದಿನ ಬೀಳುತ್ತದೆ ಅಂತಲೇ ಇಟ್ಟುಕೊಳ್ಳಿ. ಬಿದ್ದ ಮೇಲೂ ಕೈ ಕುಯ್ಯಬಾರದು. ಬರ್ ತೆಗೆಯುವ ಕೆಲಸವನ್ನು ಡ್ರಾಯಿಂಗಿನಲ್ಲಿ ಬರೆದೇ ಕೊಡಿ, ಬಾಯಿಮಾತಿನಲ್ಲಿ ಬಿಡಬೇಡಿ.

ಆ ದಿನ ಯಾರ್ಡಿನಲ್ಲಿ 40 ಗಾಡಿ ನಿಂತಿದ್ದವು. 80 ತುದಿಯಲ್ಲಿ 19ಕ್ಕೆ ಕ್ಯಾಪೇ ಇರಲಿಲ್ಲ. ಉಳಿದವನ್ನು ಒಂದೊಂದಾಗಿ ಎಳೆದು ನೋಡಿದೆ. ನೋಡುವುದಕ್ಕೆ ಗಟ್ಟಿಯಾಗಿ ಕೂತಂತಿದ್ದ ಎಷ್ಟೋ ಕ್ಯಾಪ್ ಸುಮ್ನೆ ಕೈಗೆ ಬಂದವು. ಒಳಗೆ ನಾಲಿಗೆ ಮುರಿದಿತ್ತು. ಇದು ಬಹಳ ಮೋಸದ ಸಂಗತಿ. ನಾಲಿಗೆ ತೂತಿಗೆ ಕೂತರೂ ಟಕ್ ಅನ್ನುತ್ತದೆ, ಮುರಿದರೂ ಟಕ್ ಅನ್ನುತ್ತದೆ. ಜೋಡಿಸುವ ಹುಡುಗನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸದ್ದು ನಂಬಬೇಡಿ. ಗುಬುಟು ತೂತಿನಲ್ಲಿ ಹೊರಗಿನಿಂದ ಕಣ್ಣಿಗೆ ಕಾಣಬೇಕು. ಕ್ಯಾಪಿಗೂ ಗಾಡಿಗೂ ಬೇರೆ ಬೇರೆ ಬಣ್ಣ ಕೊಡಿ, ದೂರದಿಂದಲೇ ತಿಳಿಯುತ್ತದೆ.

ಯಾಕೆ ಮುರಿದವು? ನಾನು ಲೆಕ್ಕ ಹಾಕಿದ್ದು ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿಗೆ. ನಾಲಿಗೆ 10 ಎಂಎಂ ಉದ್ದ, 2.5 ಎಂಎಂ ದಪ್ಪ, ಬಾಗಬೇಕಾದದ್ದು 1.5 ಎಂಎಂ. ಒಂದೂವರೆಯನ್ನು ದಪ್ಪದಿಂದ ಗುಣಿಸಿ, ಬಾಗುವಷ್ಟರಿಂದ ಗುಣಿಸಿ, ಉದ್ದದ ವರ್ಗದಿಂದ ಭಾಗಿಸಿದರೆ ಬುಡದಲ್ಲಿ ಪ್ಲಾಸ್ಟಿಕ್ ಎಷ್ಟು ಹಿಗ್ಗುತ್ತದೆ ಅಂತ ಸಿಗುತ್ತದೆ. ನನ್ನದು ಶೇ 5.6 ಬಂತು. ಪಾಲಿಪ್ರೊಪಿಲೀನ್ ಒಂದು ಸಲಕ್ಕೆ ಶೇ 6ರ ಆಸುಪಾಸು ತಡೆಯುತ್ತದೆ. ಅಂದರೆ ಮೊದಲೇ ಅಂಚಿನಲ್ಲಿ ನಿಂತಿದ್ದೆ. ಅಷ್ಟರಲ್ಲಿ ಮೋಲ್ಡಿಂಗ್ ಮಾಡುವವರು, "ಇನ್ನೂ ಸ್ಟ್ರಾಂಗ್ ಇರುತ್ತೆ, ಗ್ಲಾಸ್ ನೈಲಾನ್ ಹಾಕೋಣ" ಅಂದರು. ಹೂಂ ಅಂದುಬಿಟ್ಟೆ. ಶೇ 30 ಗಾಜಿನ ನಾರು ಇರುವ ನೈಲಾನ್ ಗಟ್ಟಿ ನಿಜ, ಆದರೆ ಶೇ 2ರ ಆಚೆ ಹಿಗ್ಗಿಸಿದರೆ ಉಳಿಯುವುದು ಕಷ್ಟ. ಗಟ್ಟಿ ಇರುವುದು ಬೇರೆ, ಬಾಗುವುದು ಬೇರೆ. ಹೀಗೆ ಟಕ್ ಅಂತ ಕೂರುವ ನಾಲಿಗೆಗೆ ಬೇಕಾದದ್ದು ಬಾಗುವ ಗುಣ.

ನೈಲಾನಿನ ಇನ್ನೊಂದು ಸ್ವಭಾವ ಕೂಡ ಆಗ ಕಲಿತೆ. ಮಷೀನಿನಿಂದ ಬಿದ್ದ ಕೂಡಲೇ ಅದು ಒಣಗಿ ಪೆಳುಸಾಗಿರುತ್ತದೆ. ಗಾಳಿಯ ತೇವ ಹೀರಿಕೊಂಡ ಮೇಲೆ ಮೆತ್ತಗಾಗುತ್ತದೆ. ಅದಕ್ಕೇ ತಿಳಿದವರು ನೀರಿನಲ್ಲಿ ನೆನೆಸಿ ಆಮೇಲೆ ಜೋಡಿಸುತ್ತಾರೆ. ನಾವು ಡಿಸೆಂಬರಿನ ಚಳಿಯಲ್ಲಿ, ಬಿದ್ದ ದಿನವೇ ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ್ದೆವು. ಜೊತೆಗೆ ನಾಲಿಗೆಯ ಬುಡದಲ್ಲಿ ಮೂಲೆ ಚೂಪಾಗಿತ್ತು. ಮುರಿದ ಪ್ರತಿಯೊಂದೂ ಅಲ್ಲೇ ಮುರಿದಿತ್ತು. ಬುಡದ ಮೂಲೆಯನ್ನು ದುಂಡಗೆ ಮಾಡಿ, ದಪ್ಪದ ಅರ್ಧದಷ್ಟಾದರೂ ರೇಡಿಯಸ್ ಕೊಡಬೇಕು.

ಇನ್ನು ಪೈಪಿನ ವಿಷಯ. ನಾನು ಡ್ರಾಯಿಂಗಿನಲ್ಲಿ "ಒಂದಿಂಚು ಪೈಪು" ಅಂತ ಬರೆದಿದ್ದೆ. ಟ್ಯೂಬ್ ಮಾರುವವರಿಗೆ ಒಂದಿಂಚು ಅಂದರೆ ಹೊರಗಿನ ಅಳತೆ, 25.4 ಎಂಎಂ. ಅದೇ ನೀರಿನ ಪೈಪಿನ ಅಂಗಡಿಯಲ್ಲಿ ಒಂದಿಂಚು ಕೇಳಿದರೆ ಹೊರಗಿನ ಅಳತೆ 33 ಎಂಎಂ ದಾಟುವ ಪೈಪು ಕೊಡುತ್ತಾರೆ. ಆ ಎಡವಟ್ಟು ಆಗಲಿಲ್ಲ, ಬೇರೆಯದೇ ಆಯಿತು. ಹೊರಗಿನ ಅಳತೆ ಒಂದೇ ಇದ್ದರೂ ಗೇಜು, ಅಂದರೆ ಗೋಡೆಯ ದಪ್ಪ, ಬದಲಾದರೆ ಒಳಗಿನದು ಬದಲಾಗುತ್ತದೆ. 16 ಗೇಜಿನ ಗೋಡೆ ಸುಮಾರು 1.6 ಎಂಎಂ, ಒಳಗೆ 22.2 ಉಳಿಯುತ್ತದೆ. 18 ಗೇಜಿನದು 1.2, ಒಳಗೆ 23. ನನ್ನ ಮೇಜಿನ ತುಂಡು 16 ಗೇಜು. ಅರ್ಧ ಗಾಡಿಗೆ ಬಂದದ್ದು 18 ಗೇಜು, ಯಾಕೆಂದರೆ ಕಬ್ಬಿಣ ಕೆಜಿ ಲೆಕ್ಕದಲ್ಲಿ ಬರುತ್ತದೆ, ತೆಳ್ಳಗಿದ್ದರೆ ದುಡ್ಡು ಉಳಿಯುತ್ತದೆ. ನನ್ನ ಕ್ಯಾಪಿನ ಮೈ 22. ಆ ಪೈಪುಗಳಲ್ಲಿ ಅದು ಒಂದು ಎಂಎಂ ಲೊಡಲೊಡ ಆಡುತ್ತಿತ್ತು. ಒಂದು ಪಕ್ಕಕ್ಕೆ ವಾಲಿದರೆ ಇನ್ನೊಂದು ಪಕ್ಕದ ಗುಬುಟು ತೂತಿನಿಂದ ಹೊರಗೆ.

16 ಗೇಜಿನವು ಯಾಕೆ ಸುತ್ತಿಗೆ ಬೇಡಿದವು ಗೊತ್ತಾ? ಈ ಪೈಪುಗಳು ತಗಡನ್ನು ಸುತ್ತಿ ಬೆಸೆದು ಮಾಡಿದವು. ಒಳಗೆ ಉದ್ದಕ್ಕೂ ಬೆಸುಗೆಯ ಒಂದು ಏಣು ಇರುತ್ತದೆ. ಹೊರಗಡೆ ಕೆರೆದು ತೆಗೆದಿರುತ್ತಾರೆ, ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ನಾನು ತಂದ ತುಂಡಿನಲ್ಲಿ ಅದು ಚಿಕ್ಕದಿತ್ತು, ಬೇರೆಯವುಗಳಲ್ಲಿ ಅರ್ಧ ಎಂಎಂ ಎದ್ದಿತ್ತು. ಅದರ ಮೇಲೆ ಬರ್ ಬೇರೆ. ಡೈಗೆ ದುಡ್ಡು ಕೊಡುವ ಮೊದಲು ಬೇರೆ ಬೇರೆ ಲೋಡಿನಿಂದ ಇಪ್ಪತ್ತು ತುದಿಯನ್ನಾದರೂ ವರ್ನಿಯರ್ ಹಿಡಿದು ಅಳೆಯಿರಿ. ಗೇಜನ್ನು ಆರ್ಡರಿನಲ್ಲೇ ಬರೆಸಿ.

ಎರಡನೇ ಸಲ ಮಾಡಿದ್ದು ಹೀಗಿದೆ, ಬೇಕಾದವರು ಬಳಸಿಕೊಳ್ಳಿ. ನಾಲಿಗೆ 16 ಎಂಎಂ ಉದ್ದ, 2 ಎಂಎಂ ದಪ್ಪ. ಹಿಗ್ಗುವುದು ಶೇ 1.8ಕ್ಕೆ ಇಳಿಯಿತು. ಬುಡಕ್ಕೆ 1 ಎಂಎಂ ರೇಡಿಯಸ್. ಗುಬುಟಿನ ಮುಂದೆ ಇಳಿಜಾರು, ಹಿಂದೆ ನೇರ ಗೋಡೆ. ಮೊದಲಿನದರಲ್ಲಿ ಎರಡೂ ಕಡೆ 45 ಡಿಗ್ರಿ ಇಳಿಜಾರಿತ್ತು, ಹಾಗಾಗಿ ಎಳೆದರೆ ಜಾರಿಕೊಂಡು ಬರುತ್ತಿತ್ತು. ಮೈ ತುಂಬಿದ ಸಿಲಿಂಡರ್ ಅಲ್ಲ, ತೆಳು ಏಣುಗಳು, ಬೆಸುಗೆಯ ಏಣಿಗೆ ಜಾಗ ಬಿಟ್ಟ ಒಂದು ತೋಡು. ತಲೆ ಪೈಪಿನ ಸಮಕ್ಕೇ ಇದೆ, ಕೈಗೆ ಸಿಗುವ ಅಂಚೇ ಇಲ್ಲ. ಕೂತ ಮೇಲೆ ನಾಲಿಗೆ ಬಾಗಿಕೊಂಡು ಉಳಿಯುವುದಿಲ್ಲ. ಸದಾ ಬಾಗಿ ನಿಂತ ಪ್ಲಾಸ್ಟಿಕ್ ಕಾಲಕ್ರಮೇಣ ಹಿಡಿತ ಬಿಡುತ್ತದೆ. ಮಾಲು ಹೊಸ ಪಾಲಿಪ್ರೊಪಿಲೀನ್, ಬಿಸಿಲಿಗೆ ತಡೆಯಲಿ ಅಂತ ಕಾರ್ಬನ್ ಬ್ಲ್ಯಾಕ್ ಸೇರಿಸಿದ ಕಪ್ಪು ಬಣ್ಣ. ಗಾಡಿ ಹಸಿರು, ಆದ್ದರಿಂದ ಕಪ್ಪು ಎದ್ದು ಕಾಣುತ್ತದೆ. ಎರಡು ತೂತಿನಲ್ಲಿ ಒಂದು ಕೆಳಮುಖ, ಒಳಗೆ ಹೋದ ಮಳೆನೀರು ಇಳಿಯಲಿ ಅಂತ.

ಪರೀಕ್ಷೆಗೆ ಕ್ಯಾಪಿನ ನಡುವೆ ಸ್ಕ್ರೂ ಹಾಕಿ, ಲಗೇಜು ತೂಗುವ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆಯುತ್ತೇನೆ. 30 ಕೆಜಿಗೂ ಬರಬಾರದು. ತೆಳು ಗೇಜು, ದಪ್ಪ ಗೇಜು ಎರಡರಲ್ಲೂ ನೋಡಬೇಕು. ಪೌಡರ್ ಕೋಟಿಂಗ್ ಆದ ಮೇಲೆ ಇನ್ನೊಮ್ಮೆ ನೋಡಬೇಕು, ಬಣ್ಣ ಕೂತು ತೂತು ಚಿಕ್ಕದಾಗುತ್ತದೆ.

ಹಳೆಯ ಗಾಡಿಗಳನ್ನು ಹಾಗೇ ಬಿಡಲಿಲ್ಲ. ಶೆಡ್ಡಿನ ಇಬ್ಬರು ಹುಡುಗರ ಜೊತೆ ನಾಲ್ಕು ಭಾನುವಾರ ಯಾರ್ಡಿಗೆ ಹೋದೆ. 200 ಗಾಡಿಯ ಕ್ಯಾಪನ್ನೂ ಇಕ್ಕಳದಲ್ಲಿ ಕಿತ್ತು, 400 ಬಾಯಿಗೂ ಅರ ಹಾಕಿದೆವು. ಎರಡನೇ ಭಾನುವಾರ ಅಕ್ಕ ಬಂದು ಪಕ್ಕದಲ್ಲಿ ನಿಂತರು. ಉಜ್ಜಿ ಮುಗಿದ ಪ್ರತಿ ಪೈಪಿನ ಒಳಗೆ ಎಡಗೈ ಬೆರಳು ಸುತ್ತ ಆಡಿಸಿ ನೋಡುತ್ತಿದ್ದರು. ಮೂರು ಪೈಪನ್ನು ವಾಪಸ್ ಕಳಿಸಿದರು, ಇನ್ನೂ ಉಜ್ಜಿ ಅಂತ.