ಮನೆಯಲ್ಲೇ ಕಟ್ಟಿದ ಕಾಂಪೋಸ್ಟ್ ಟೀ ಬ್ರೂವರ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಒಂದು ಬಕೆಟ್, ಒಂದು ಏರ್ ಪಂಪ್, ಪಿವಿಸಿ ಪೈಪಿನ ಎರಡು ತುಂಡು, ಒಂದು ಎಲ್ಬೋ (ಪೈಪಿನ ದಿಕ್ಕು ತಿರುಗಿಸುವ ಬಾಗಿದ ತುಂಡು), ಒಂದು ಜಾಲರಿ ಚೀಲ. ಕಾಂಪೋಸ್ಟ್ ಟೀ ಬ್ರೂವರ್ ಅಂದರೆ ಇಷ್ಟೇ. ಮಾಗಿದ ಗೊಬ್ಬರವನ್ನು ನೀರಿನಲ್ಲಿಟ್ಟು, ಗಾಳಿ ಹಾಯಿಸಿ, ಅದರ ಸೂಕ್ಷ್ಮಜೀವಿಗಳನ್ನು ಬೆಳೆಸಿ ಗಿಡಕ್ಕೆ ಹಾಕುವ ದ್ರವವೇ ಕಾಂಪೋಸ್ಟ್ ಟೀ. ಹಲವು ಋತು ಬಳಸಿದ ಮೇಲೆ ಹೇಳುವುದಾದರೆ, ಇದರ ಯೋಗ್ಯತೆ ನಿಂತಿರುವುದು ಎರಡೇ ವಿಷಯಗಳ ಮೇಲೆ: ಪಂಪ್ ನಿಜಕ್ಕೂ ಎಷ್ಟು ಗಾಳಿ ಕೊಡುತ್ತದೆ, ಮತ್ತು ನೀರು ತಾಗುವ ಪ್ರತಿ ಭಾಗವನ್ನೂ ಬಿಚ್ಚಿ ತೊಳೆಯಲು ಆಗುತ್ತದೆಯೇ. ಉಳಿದದ್ದರಲ್ಲಿ ಹೆಚ್ಚುಕಡಿಮೆ ಆದರೂ ನಡೆಯುತ್ತದೆ. ಈ ಎರಡರಲ್ಲಿ ಒಂದು ಕೈಕೊಟ್ಟರೂ ತಯಾರಾಗುವುದು ಕೊಳೆತ ನೀರು.

ಬಕೆಟ್ 20 ಲೀಟರಿನದಿರಲಿ, ಆದರೆ ನೀರು 18 ಲೀಟರ್ ಮೀರದಿರಲಿ. ಮೇಲಿನ ಜಾಗ ನೊರೆಗೆ ಬೇಕು. ಇಷ್ಟು ನೀರಿಗೆ ನಿಮಿಷಕ್ಕೆ ಕನಿಷ್ಠ 8 ಲೀಟರ್ ಗಾಳಿ ಅಗತ್ಯ, 10ರಿಂದ 12 ಇದ್ದರೆ ನಿಶ್ಚಿಂತೆ. ಸಣ್ಣ ಅಕ್ವೇರಿಯಂ ಪಂಪ್‌ಗಳು ಕೊಡುವುದು 2ರಿಂದ 4 ಲೀಟರ್ ಮಾತ್ರ. ನಾಲ್ಕಾರು ಮೀನಿಗೆ ಅದು ಸಾಕು, ಇಲ್ಲಿ ಏನೇನೂ ಸಾಲದು. ಡಬ್ಬಿಯ ಮೇಲಿನ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ; ಅದು ಸಾಮಾನ್ಯವಾಗಿ ಎದುರು ಒತ್ತಡವೇ ಇಲ್ಲದಾಗಿನ ಲೆಕ್ಕ. 30 ಸೆಂ.ಮೀ. ನೀರಿನ ಕೆಳಗೆ ಗಾಳಿ ತಳ್ಳುವಾಗ ಅಷ್ಟು ಬರುವುದಿಲ್ಲ.

ಅಳೆಯುವುದು ಸುಲಭ. 1 ಲೀಟರ್ ಬಾಟಲಿಯನ್ನು ನೀರು ತುಂಬಿಸಿ, ತುಂಬಿದ ಬಕೆಟ್‌ನೊಳಗೆ ತಲೆಕೆಳಗಾಗಿ ಹಿಡಿಯಿರಿ. ಟ್ಯೂಬಿನ ತುದಿಯನ್ನು ತಳದ ಹತ್ತಿರ ಇಟ್ಟು, ಗುಳ್ಳೆಗಳು ನೇರ ಬಾಟಲಿಯ ಬಾಯಿಗೆ ಹೋಗುವಂತೆ ಮಾಡಿ, ನೀರು ಪೂರ್ತಿ ಹೊರಹೋಗಲು ಎಷ್ಟು ಹೊತ್ತು ಬೇಕು ನೋಡಿ. 6 ಸೆಕೆಂಡಾದರೆ ನಿಮಿಷಕ್ಕೆ 10 ಲೀಟರ್. 15 ಸೆಕೆಂಡಾದರೆ ಬರೀ 4 ಲೀಟರ್. ಆ ಪಂಪ್ ಈ ಕೆಲಸಕ್ಕಲ್ಲ. ಸಿಕ್ಕ ಅಂಕಿಯನ್ನು ಪಂಪಿನ ಮೇಲೆಯೇ ಬರೆದಿಡಿ. ಆಗಾಗ ಇದೇ ಪರೀಕ್ಷೆ ಮಾಡುತ್ತಿದ್ದರೆ, 6 ಸೆಕೆಂಡು 9ಕ್ಕೆ ಏರಿದಾಗ ಒಳಗಿನ ರಬ್ಬರ್ ಡಯಾಫ್ರಾಮ್ (ಗಾಳಿ ತಳ್ಳುವ ಪೊರೆ) ಅಥವಾ ವಾಲ್ವ್ ಸವೆದಿದೆ ಎಂದು ಟೀ ಹಾಳಾಗುವ ಮೊದಲೇ ಗೊತ್ತಾಗುತ್ತದೆ.

ಇಷ್ಟೊಂದು ಗಾಳಿ ಏಕೆ ಎನ್ನುವವರು ಈ ಲೆಕ್ಕ ನೋಡಬೇಕು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಹಿಡಿದಿಡಬಲ್ಲ ಆಮ್ಲಜನಕ ಸುಮಾರು 9 ಮಿಲಿಗ್ರಾಂ. ಅಂದರೆ ಇಡೀ ಬಕೆಟ್‌ನಲ್ಲಿ ಇರುವುದು 160 ಮಿಲಿಗ್ರಾಂ. ಸೂಕ್ಷ್ಮಜೀವಿಗಳಿಗೆ ಆಹಾರವಾಗಿ 20 ಮಿ.ಲೀ. ಕಾಕಂಬಿ ಹಾಕಿದರೆ ಅದರಲ್ಲಿ ಹೆಚ್ಚುಕಡಿಮೆ 14 ಗ್ರಾಂ ಸಕ್ಕರೆ ಇರುತ್ತದೆ. ಬ್ಯಾಕ್ಟೀರಿಯಾಗಳು ಅದರ ಅರ್ಧವನ್ನಷ್ಟೇ ಉಸಿರಾಟಕ್ಕೆ ಬಳಸಿದರೂ ಸುಮಾರು 7 ಗ್ರಾಂ ಆಮ್ಲಜನಕ ಬೇಕು, ನೀರಿನಲ್ಲಿರುವುದರ ನಲವತ್ತು ಪಟ್ಟಿಗೂ ಹೆಚ್ಚು. ಈ ಕೊರತೆಯನ್ನೆಲ್ಲ ಪಂಪ್ ಗಂಟೆ ಗಂಟೆಗೂ ತುಂಬಿಕೊಡಬೇಕು. ಆದ್ದರಿಂದಲೇ ‘ಒಂದು ಕಪ್ ಕಾಕಂಬಿ ಹಾಕಿ’ ಎನ್ನುವ ಪಾಕವಿಧಾನಗಳು ಅಪಾಯಕಾರಿ. 18 ಲೀಟರಿಗೆ 20 ಮಿ.ಲೀ. ಸಾಕು. ಪಂಪ್ ಬಲದ ಬಗ್ಗೆ ಅನುಮಾನವಿದ್ದರೆ ಕಾಕಂಬಿಯನ್ನೇ ಬಿಡಿ. ಒಳ್ಳೆಯ ಎರೆಗೊಬ್ಬರದಲ್ಲಿ ಸೂಕ್ಷ್ಮಜೀವಿಗಳೂ ಅವುಗಳ ಆಹಾರವೂ ಆಗಲೇ ಇವೆ.

ಗಾಳಿಯನ್ನು ನೀರಿಗೆ ಸೇರಿಸುವ ಬಗೆಯಲ್ಲಿ ಏರ್ ಸ್ಟೋನ್, ಅಂದರೆ ಟ್ಯೂಬಿನ ತುದಿಗೆ ಸಿಕ್ಕಿಸುವ ಸಣ್ಣ ರಂಧ್ರಗಳ ಕಲ್ಲು, ಎಲ್ಲರೂ ಮೊದಲು ಹಿಡಿಯುವ ದಾರಿ. ಹೊಸದಿದ್ದಾಗ ಅದರ ಗುಳ್ಳೆ ಬಹಳ ನಯ, ಆಮ್ಲಜನಕ ಚೆನ್ನಾಗಿ ಕರಗುತ್ತದೆ. ಆದರೆ ಬಳಸುತ್ತಾ ಹೋದಂತೆ ಕಲ್ಲಿನ ರಂಧ್ರಗಳೊಳಗೆ ಲೋಳೆ ಕೂರುತ್ತದೆ. ಬ್ರಷ್ ಅಲ್ಲಿಗೆ ತಲುಪುವುದಿಲ್ಲ. ಮೊದಲು ಒಂದು ಮಗ್ಗುಲಲ್ಲಿ ಮಾತ್ರ ಗುಳ್ಳೆ ಬರುತ್ತದೆ, ಆಮೇಲೆ ಅಲ್ಲಲ್ಲಿ ದಪ್ಪ ಗುಳ್ಳೆ, ಕೊನೆಗೆ ಪಂಪಿನ ಸದ್ದೇ ಬದಲಾಗುತ್ತದೆ. ಎದುರು ಒತ್ತಡ ಏರಿದಷ್ಟೂ ಡಯಾಫ್ರಾಮ್ ಬೇಗ ಹರಿಯುತ್ತದೆ. 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿದರೆ ಕಲ್ಲು ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಪೂರ್ತಿ ಅಲ್ಲ.

ಏರ್‌ಲಿಫ್ಟ್, ಅಂದರೆ ಗುಳ್ಳೆಗಳ ಬಲದಿಂದಲೇ ನೀರನ್ನು ಮೇಲೆತ್ತುವ ಪೈಪು, ಇದಕ್ಕಿಂತ ಬಹಳ ಮೇಲು. ಒಂದೂವರೆ ಇಂಚಿನ ಪಿವಿಸಿ ಪೈಪಿನ ಕೆಳತುದಿಯಲ್ಲಿ 2 ಸೆಂ.ಮೀ. ಎತ್ತರದ ನಾಲ್ಕು ಕಚ್ಚು ಕತ್ತರಿಸಿ. ಪೈಪ್ ತಳಕ್ಕೆ ತಾಗಿ ನಿಂತರೂ ನೀರು ಒಳನುಗ್ಗಲು ಇದು ದಾರಿ. ಕಚ್ಚಿನಿಂದ 1 ಸೆಂ.ಮೀ. ಮೇಲೆ, ಗಾಳಿಯ ಟ್ಯೂಬ್ ಬಿಗಿಯಾಗಿ ಕೂರುವಷ್ಟೇ ಅಗಲದ ತೂತು ಕೊರೆದು ಟ್ಯೂಬನ್ನು ಒಳಗೆ ತಳ್ಳಿ. ಮೇಲ್ತುದಿಗೆ ಎಲ್ಬೋ, ಅದಕ್ಕೊಂದು ಗಿಡ್ಡ ಪೈಪು. ಪೈಪಿನೊಳಗಿನ ನೀರು ಗುಳ್ಳೆ ಬೆರೆತು ಹಗುರಾಗುತ್ತದೆ, ಹೊರಗಿನ ಭಾರದ ನೀರು ಅದನ್ನು ಮೇಲೆ ದೂಡುತ್ತದೆ. ಎಲ್ಬೋ ಬಾಯಿ ನೀರಿನ ಮಟ್ಟದಿಂದ 3–4 ಸೆಂ.ಮೀ. ಮೇಲಿರಲಿ. ಇನ್ನೂ ಎತ್ತರಿಸಿದರೆ ಹರಿವು ಬೇಗ ಕುಗ್ಗಿ, ನೀರು ಬಿಕ್ಕಳಿಸುವಂತೆ ಉಗುಳತೊಡಗುತ್ತದೆ. ಹರಿವು ನೇರ ಜಾಲರಿ ಚೀಲದ ಮೇಲೆ ಬೀಳಬೇಕು. ಆಗ ಗೊಬ್ಬರ ಸತತವಾಗಿ ತೊಳೆಯಲ್ಪಡುತ್ತದೆ, ನೀರಿನ ಮೇಲ್ಮೈ ಕದಡಿ ಗಾಳಿಯೂ ಸೇರುತ್ತದೆ, ತಳದಲ್ಲಿ ಗಸಿ ನಿಲ್ಲುವುದಿಲ್ಲ. ಯಾವ ಜೋಡಣೆಗೂ ಅಂಟು ಹಾಕಬೇಡಿ. ಒತ್ತಿ ಕೂರಿಸಿದರೆ ಸಾಕು, ಸೋರಿದರೂ ಬೀಳುವುದು ಬಕೆಟ್‌ಗೇ. ಅಂಟು ಹಾಕಿದ ಎಲ್ಬೋ ಒಳಗೆ ಕಂದು ಲೋಳೆ ಕಟ್ಟಿದರೆ ಅದು ಮುಂದಿನ ಪ್ರತಿ ತಯಾರಿಗೂ ಕೆಟ್ಟ ಹೆಪ್ಪು ಹಾಕಿದಂತೆ.

ಚೀಲದ ಜಾಲರಿ 400 ಮೈಕ್ರಾನ್ ಆಸುಪಾಸಿನದಿರಲಿ. ಬಟ್ಟೆ, ಕಾಲುಚೀಲದಂಥ ನಯವಾದ ಹೆಣಿಗೆಗಳು ಬೇಗ ಕಟ್ಟಿಕೊಳ್ಳುತ್ತವೆ, ಶಿಲೀಂಧ್ರದ ಎಳೆಗಳನ್ನೂ ತಡೆಯುತ್ತವೆ. ಅರ್ಧದಿಂದ ಮುಕ್ಕಾಲು ಲೀಟರ್ ಅಳತೆಯಷ್ಟು ಗೊಬ್ಬರ ಹಾಕಿ, ಚೀಲವನ್ನು ಸಡಿಲವಾಗಿ ಕಟ್ಟಿ. ಗಟ್ಟಿಯಾಗಿ ತುರುಕಿದರೆ ಉಂಡೆಯ ನಡುಭಾಗಕ್ಕೆ ಗಾಳಿ ಹೋಗುವುದಿಲ್ಲ. ಗೊಬ್ಬರ ಪೂರ್ತಿ ಮಾಗಿದ್ದು, ಕಾಡಿನ ಮಣ್ಣಿನ ವಾಸನೆ ಇರಬೇಕು. ಹಸಿ ಸಗಣಿಯ ಗಂಧ ಉಳಿದಿದ್ದರೆ ಬೇಡ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಗೊಬ್ಬರ ಹಾಕುವ ಮೊದಲು ಕೆಲವು ಗಂಟೆ ಬರೀ ಗಾಳಿ ಬಿಡಿ, ಹೊರಟುಹೋಗುತ್ತದೆ. ಕೆಲವೆಡೆ ಕ್ಲೋರಿನ್ ಬದಲು ನೀರಿಗೆ ಬೆರೆಸುವ ಕ್ಲೋರಮಿನ್ ಹಾಗೆ ಹೋಗುವುದಿಲ್ಲ. ಅದಕ್ಕೆ 500 ಮಿಲಿಗ್ರಾಂ ವಿಟಮಿನ್ ಸಿ ಮಾತ್ರೆಯ ಅರ್ಧವನ್ನು ಪುಡಿ ಮಾಡಿ ಕಲಸಿದರೆ ಸಾಕು.

ತಯಾರಿಗೆ 24ರಿಂದ 36 ಗಂಟೆ, 18–25 ಡಿಗ್ರಿ ಉಷ್ಣತೆ ಅನುಕೂಲ. 30 ಡಿಗ್ರಿಗೆ ಏರಿದರೆ ನೀರು ಹಿಡಿದಿಡುವ ಆಮ್ಲಜನಕ 7.5 ಮಿಲಿಗ್ರಾಂಗೆ ಇಳಿಯುತ್ತದೆ, ಜೀವಿಗಳ ಹಸಿವು ಮಾತ್ರ ಹೆಚ್ಚುತ್ತದೆ. ಬಿಸಿಲ ದಿನಗಳಲ್ಲಿ ಬಕೆಟ್ ನೆರಳಿನಲ್ಲಿರಲಿ, ಕಾಕಂಬಿ ಅರ್ಧಕ್ಕಿಳಿಯಲಿ, 24 ಗಂಟೆಯೊಳಗೆ ಮುಗಿಸಿ. ನೊರೆ ಉಕ್ಕಿದರೆ ಎರಡು ಹನಿ ಅಡುಗೆ ಎಣ್ಣೆ ಸಾಕು. ನೊರೆ ಹೆಚ್ಚಿದ್ದರೆ ಟೀ ಚೆನ್ನಾಗಿದೆ ಎಂಬ ನಂಬಿಕೆಗೆ ಆಧಾರವಿಲ್ಲ. ನಂಬಬೇಕಾದದ್ದು ಮೂಗನ್ನು. ಹುಳಿ, ಕೊಳೆತ ಮೊಟ್ಟೆ ಅಥವಾ ವಾಂತಿಯ ವಾಸನೆ ಬಂದರೆ ಗಿಡಕ್ಕೆ ಹಾಕದೆ ಗೊಬ್ಬರದ ರಾಶಿಗೆ ಸುರಿಯಿರಿ. ಪಂಪ್ ನಿಲ್ಲಿಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಿ ಮುಗಿಸಬೇಕು. ಬಾಟಲಿಯಲ್ಲಿ ಮುಚ್ಚಿಡುವ ವಸ್ತು ಇದಲ್ಲ.

ಫಲಿತಾಂಶದ ವಿಷಯದಲ್ಲಿ ಅತಿ ಆಸೆ ಬೇಡ. ಸಾರಜನಕ, ರಂಜಕ, ಪೊಟ್ಯಾಷ್ ಇದರಲ್ಲಿ ತೀರಾ ಕಡಿಮೆ, ಗೊಬ್ಬರಕ್ಕೆ ಇದು ಬದಲಿಯಲ್ಲ. ಎಲೆರೋಗ ತಡೆಯುತ್ತದೆ ಎಂಬ ಬಗ್ಗೆ ಪ್ರಯೋಗಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಸಾಕಷ್ಟು ಗೊಬ್ಬರವಿದ್ದರೆ ಅದನ್ನೇ ನೇರ ಮಣ್ಣಿಗೆ ಹಾಕುವುದು ಉತ್ತಮ. ಗೊಬ್ಬರ ಸ್ವಲ್ಪವೇ ಇದ್ದು ತೋಟ ದೊಡ್ಡದಿದ್ದಾಗ, ಕುಂಡದ ಗಿಡಗಳಿಗೆ, ಸಸಿಮಡಿಗೆ ಇದರ ಉಪಯೋಗ ಹೆಚ್ಚು. ಒಂದು ಪಾಲಿಗೆ ಐದು ಪಾಲು ಕ್ಲೋರಿನ್ ಇಲ್ಲದ ನೀರು ಬೆರೆಸಿ, ಸಂಜೆ ಹೊತ್ತಿನಲ್ಲಿ ಬುಡಕ್ಕೆ ಹಾಕಿ.

ಹಸಿಯಾಗಿ ತಿನ್ನುವ ಸೊಪ್ಪಿನ ಮೇಲೆ ಸಿಂಪಡಿಸಬೇಡಿ. ಅಮೆರಿಕದ ರಾಷ್ಟ್ರೀಯ ಸಾವಯವ ಮಾನದಂಡ ಮಂಡಳಿಯ ಕಾಂಪೋಸ್ಟ್ ಟೀ ಕಾರ್ಯಪಡೆ 2004ರ ವರದಿಯಲ್ಲಿ ಎಚ್ಚರಿಸಿದ್ದು ಇದನ್ನೇ: ಸಕ್ಕರೆಯಂಥ ಪೋಷಕ ಸೇರಿಸಿದಾಗ ಇ. ಕೋಲಿ, ಸಾಲ್ಮೊನೆಲ್ಲಾದಂಥ ರೋಗಾಣುಗಳೂ ಬೆಳೆಯಬಹುದು. ಗಾಳಿ ಚೆನ್ನಾಗಿದೆ ಎಂಬ ಕಾರಣಕ್ಕೆ ಅವು ಸಾಯುವುದಿಲ್ಲ; ಆಮ್ಲಜನಕ ಇದ್ದರೂ ಇಲ್ಲದಿದ್ದರೂ ಬದುಕಬಲ್ಲವು.

ತೊಳೆಯುವುದು ಟೀ ಖಾಲಿಯಾದ ಕೂಡಲೇ. ಒಣಗಿದ ಲೋಳೆ ಮರುದಿನ ಉಜ್ಜಿದರೂ ಬಿಡುವುದಿಲ್ಲ. ಪೈಪಿಗೆ ಬಾಟಲಿ ಬ್ರಷ್, ಟ್ಯೂಬಿಗೆ ಬಿಸಿ ನೀರು, ಆಮೇಲೆ ಎಲ್ಲಕ್ಕೂ 3 ಶೇಕಡಾ ಪೆರಾಕ್ಸೈಡ್, ಕೊನೆಗೆ ಬಿಡಿಬಿಡಿಯಾಗಿ ಪೂರ್ತಿ ಒಣಗಿಸುವುದು. ಬೆರಳಿಂದ ಉಜ್ಜಿದಾಗ ಪ್ಲಾಸ್ಟಿಕ್ ಕೀರಲು ಸದ್ದು ಮಾಡಬೇಕು. ಜಾರಿದರೆ ಲೋಳೆ ಇನ್ನೂ ಇದೆ.

ಮೊದಲು ಸವೆಯುವುದು ಡಯಾಫ್ರಾಮ್. ಬಿಡಿಭಾಗ ಸಿಗುವ ಪಂಪನ್ನೇ ಕೊಳ್ಳಿ. ಗಾಳಿ ಎಳೆಯುವ ಕಡೆಯ ಫೆಲ್ಟ್ ಫಿಲ್ಟರ್ ಧೂಳು ಹಿಡಿದರೂ ಹರಿವು ಇಳಿಯುವುದರಿಂದ, ಬಿಚ್ಚುವ ಮೊದಲು ಅದನ್ನು ನೋಡಿ. ಪಾರದರ್ಶಕ ಟ್ಯೂಬ್ ಗಡುಸಾಗಿ ತುದಿಯಲ್ಲಿ ಸೀಳುತ್ತದೆ. ಸಿಲಿಕೋನ್ ಟ್ಯೂಬ್ ಹೆಚ್ಚು ಬಾಳಿಕೆ ಬರುತ್ತದೆ. ಪಂಪ್ ನೀರಿನ ಮಟ್ಟಕ್ಕಿಂತ ಮೇಲಿರಲೇಬೇಕು, ಇಲ್ಲದಿದ್ದರೆ ವಿದ್ಯುತ್ ಹೋದಾಗ ನೀರು ಟ್ಯೂಬಿನೊಳಗೆ ಹಿಂದಕ್ಕೆ ಹರಿದು ಮೋಟಾರಿಗೆ ಇಳಿಯುತ್ತದೆ. ನೀರು ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್ ಇದ್ದರೂ ಅದನ್ನೇ ನೆಚ್ಚಬೇಡಿ, ಲೋಳೆ ಸಿಕ್ಕಿ ಅದು ತೆರೆದೇ ಉಳಿಯುವುದುಂಟು. ಅರ್ತ್ ಲೀಕೇಜ್ ಬ್ರೇಕರ್ (ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್) ಇರುವ ಸಾಕೆಟ್‌ಗೇ ಜೋಡಿಸಿ.

100 ಲೀಟರ್ ಡ್ರಮ್ಮಿಗೆ ಇದನ್ನೇ ಹಿಗ್ಗಿಸುವವರಿಗೆ ನಿಮಿಷಕ್ಕೆ 40 ಲೀಟರಿಗಿಂತ ಹೆಚ್ಚು ಗಾಳಿ, ಎರಡು ಅಥವಾ ಮೂರು ಏರ್‌ಲಿಫ್ಟ್ ಬೇಕು. ಅಷ್ಟು ಕೊಡುವ ಪಿಸ್ಟನ್ ಪಂಪ್‌ಗಳ ಗಾಳಿ ಸುಡುವಷ್ಟು ಬಿಸಿಯಾಗಿ ಬರುತ್ತದೆ, ಮೆತ್ತನೆಯ ಟ್ಯೂಬ್ ಪಂಪಿನ ಬಾಯಿಂದ ಕಳಚಿಕೊಳ್ಳುತ್ತದೆ. ಮೊದಲ ಅರ್ಧ ಮೀಟರಿಗೆ ಶಾಖ ತಡೆಯುವ ರಬ್ಬರ್ ಹೋಸ್ ಹಾಕಿ ಕ್ಲಾಂಪ್ ಬಿಗಿಯಿರಿ.