ಬಲಗಡೆ ಬಾಗಿಲು ಕಾಣದ ಕಿಟಕಿ: ಬ್ಲೆಂಡರ್ ಜೊತೆ ಮೂರು ವರ್ಷ

ಕಂಪ್ಯೂಟರ್‌ನಲ್ಲಿ ಮೂರು ಆಯಾಮದ ವಸ್ತುಗಳನ್ನು ಮಾಡುವ ತಂತ್ರಾಂಶ ಬ್ಲೆಂಡರ್ ಬಳಸಲು ಶುರು ಮಾಡಿ ಮೂರು ವರ್ಷ ಆಯಿತು. ಅದರಲ್ಲಿ ನಾನು ಮಾಡುವುದು ಒಂದೇ ಕೆಲಸ. ಮನೆ ಕಟ್ಟಿ ಸಂಸಾರ ನಡೆಸುವ ಕಂಪ್ಯೂಟರ್ ಆಟ ದ ಸಿಮ್ಸ್ 4ರ ಕಿಟಕಿಯ ಮೆಶ್, ಅಂದರೆ ಆಕಾರದ ಜಾಲ, ತೆಗೆದುಕೊಂಡು, ಅದನ್ನು ತಿದ್ದಿ, ನಮ್ಮ ಸಕಲೇಶಪುರದ ಕಡೆ ಹಳೆ ಮನೆಗಳ ಕಿಟಕಿ ಮಾಡುತ್ತೇನೆ. ಸಿನಿಮಾ ಮಾಡುವವರಿಗೆ, ಹೊಗೆ ನೀರು ಎಲ್ಲ ಮಾಡುವವರಿಗೆ ಈ ವಿಮರ್ಶೆಯಿಂದ ಜಾಸ್ತಿ ಉಪಯೋಗ ಇಲ್ಲ.

ಮೊದಲು ನನ್ನ ಸಿಟ್ಟು ಹೇಳಿಬಿಡುತ್ತೇನೆ.

ಅಜ್ಜಿ ಮನೆ ಕಿಟಕಿಗೆ ನಾಲ್ಕು ಬಾಗಿಲು. ಮೇಲೆ ಎರಡು, ಕೆಳಗೆ ಎರಡು. ನಡುವೆ ಏಳು ಕಬ್ಬಿಣದ ಸರಳು. ಟೇಪು ಹಿಡಿದು ಅಳೆದರೆ ಅಗಲ 39 ಇಂಚು ಬಂತು, ಅಂದರೆ ಹತ್ತಿರ ಹತ್ತಿರ ಒಂದು ಮೀಟರ್. ಆಟದ ನೆಲದ ಒಂದು ಚೌಕವೂ ಬ್ಲೆಂಡರ್‌ನಲ್ಲಿ ಒಂದು ಮೀಟರ್. ಅಳತೆ ಇಷ್ಟು ಸರಿಯಾಗಿ ಕೂತಿತು ಅಂತ ಅವತ್ತು ರಾತ್ರಿ ನಿದ್ದೆಯೇ ಬರಲಿಲ್ಲ. ಎಡಗಡೆ ಬಾಗಿಲು ಚೆನ್ನಾಗಿ ಮಾಡಿದೆ. ಬಲಗಡೆಯದು ಮತ್ತೆ ಯಾಕೆ ಮಾಡಬೇಕು ಅಂತ ಅದನ್ನೇ ನಕಲು ಮಾಡಿ, ಎಸ್ ಒತ್ತಿ, ಎಕ್ಸ್ ಒತ್ತಿ, ಮೈನಸ್ ಒಂದು ಕೊಟ್ಟು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದೆ. ಬ್ಲೆಂಡರ್‌ನಲ್ಲಿ ನೋಡಿದರೆ ಜೋಡಿ ಬಾಗಿಲು ಎಷ್ಟು ಚಂದ. ಆಟಕ್ಕೆ ಹಾಕಿದರೆ ಬಲಗಡೆಯದು ಮುಖ ಕಿತ್ತ ಡಬ್ಬಿ ತರಹ! ಮುಂದಿನ ಹಲಗೆ ಇಲ್ಲ, ಹಿಂದಿನ ಹಲಗೆಯ ಒಳಮೈ ಮಾತ್ರ ಕಾಣುತ್ತಿತ್ತು.

ನಾಲ್ಕು ರಾತ್ರಿ ಹೋಯಿತು. ಮೆಶ್ ಮೇಲೆ ಹೊದಿಸುವ ಚಿತ್ರ, ಅಂದರೆ ಟೆಕ್ಸ್ಚರ್, ತಪ್ಪು ಅಂದುಕೊಂಡು ಬಣ್ಣದ ಫೈಲನ್ನೇ ಎರಡು ಸಲ ಹೊಸದಾಗಿ ಮಾಡಿದೆ. ಮೆಶ್‌ನ ತುಂಡುಗಳನ್ನು ಆಟ ಗುರುತಿಸುವ ಕಟ್ ಸಂಖ್ಯೆ ಅದಲುಬದಲಾಗಿದೆಯಾ ಅಂತ ನೋಡಿದೆ. ಅದೆಲ್ಲ ಸರಿಯಾಗಿಯೇ ಇತ್ತು.

ಕಾರಣ ಇಷ್ಟೇ. ಮೆಶ್‌ನ ಪ್ರತಿ ಫೇಸಿಗೂ, ಅಂದರೆ ಪ್ರತಿ ಚಪ್ಪಟೆ ತುಂಡಿಗೂ, ಒಂದು ಮುಂಬದಿ, ಒಂದು ಹಿಂಬದಿ ಇರುತ್ತದೆ. ಯಾವುದು ಮುಂಬದಿ ಅಂತ ತೋರಿಸುವುದೇ ನಾರ್ಮಲ್. ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದಾಗ ಬಾಗಿಲಿನ ನಾರ್ಮಲ್‌ಗಳೆಲ್ಲ ಒಳಗೆ ತಿರುಗಿಕೊಂಡವು. ಕೆಲಸ ಉಳಿಸಲು ಆಟ ಮುಂಬದಿಯನ್ನು ಮಾತ್ರ ಬಿಡಿಸುತ್ತದೆ. ಬ್ಲೆಂಡರ್ ಎರಡೂ ಬದಿ ತೋರಿಸುತ್ತದೆ. ಹಾಗಾಗಿ ತಪ್ಪು ನನ್ನ ಕಣ್ಣೆದುರೇ ಇದ್ದರೂ ಕಾಣಲಿಲ್ಲ. ಆ ವಾರ ಬ್ಲೆಂಡರನ್ನೇ ಅಳಿಸಿಹಾಕೋಣ ಅನ್ನುವಷ್ಟು ಬೇಜಾರಾಗಿತ್ತು.

ಮದ್ದೂ ಅದರೊಳಗೇ ಇತ್ತು ನೋಡಿ. ಮೇಲೆ ಬಲಗಡೆ ಓವರ್‌ಲೇ ಅಂತ ಒಂದು ಪಟ್ಟಿ ತೆರೆಯುತ್ತದೆ. ಅದರಲ್ಲಿ ಫೇಸ್ ಓರಿಯೆಂಟೇಶನ್‌ಗೆ ಗುರುತು ಹಾಕಬೇಕು. ನನ್ನ ಆವೃತ್ತಿಯಲ್ಲಿ ಸರಿಯಾದ ಬದಿ ನೀಲಿ, ತಲೆಕೆಳಗಾದದ್ದು ಕೆಂಪು. ಗುರುತು ಹಾಕಿದ ತಕ್ಷಣ ಇಡೀ ಕಿಟಕಿ ನೀಲಿ, ಬಲಗಡೆ ಬಾಗಿಲು ಒಂದೇ ಕೆಂಪಗೆ. ಎಲ್ಲ ಆರಿಸಿ, ನಾರ್ಮಲ್‌ಗಳನ್ನು ಹೊರಕ್ಕೆ ತಿರುಗಿಸಲು ಶಿಫ್ಟ್ ಮತ್ತು ಎನ್ ಒತ್ತಿದೆ. ನೀಲಿ ಆಯಿತು. ನಾಲ್ಕು ರಾತ್ರಿಯ ಒದ್ದಾಟ ಒಂದು ಕ್ಷಣಕ್ಕೆ ಮುಗಿಯಿತು.

ಈಗ ನನಗೆ ಬ್ಲೆಂಡರ್ ಮೇಲೆ ಇರುವುದು ಸಿಟ್ಟಲ್ಲ, ಸಲುಗೆ. ಇದು ನನ್ನಂಥವರ ಕೈಗೆ ಬಂದಿರುವುದೇ ದೊಡ್ಡ ವಿಷಯ ಅಲ್ವಾ? 2002ರಲ್ಲಿ ಇದನ್ನು ಬಳಸುವವರೇ ಏಳು ವಾರದಲ್ಲಿ 1 ಲಕ್ಷ ಯೂರೋ ಕೂಡಿಸಿಕೊಟ್ಟು ಇದರ ಮೂಲ ಕೋಡ್ ಎಲ್ಲರಿಗೂ ಸಿಗುವ ಹಾಗೆ ಮಾಡಿದರು. ಆ ಹಣ ಕೊಟ್ಟವರಿಗೆ ನಾನು ನಿಜವಾಗಿ ಋಣಿ. ಯಾಕೆಂದರೆ ನನ್ನ ಬಜೆಟ್ ಸೊನ್ನೆ. ಮೂಲ ಆಟ 2022ರ ಅಕ್ಟೋಬರ್‌ನಿಂದ ಉಚಿತ. ಆಟದ ಕಿಟಕಿಯನ್ನು ಹೊರಗೆ ತೆಗೆದು, ತಿದ್ದಿದ ಮೇಲೆ ಒಳಗೆ ಕೂರಿಸುವ ಸಾಧನವೂ ಉಚಿತ. ನಾನು ಖರ್ಚು ಮಾಡಿದ್ದು ಹಾಸನದ ಬಿ.ಎಂ. ರಸ್ತೆಯಲ್ಲಿ 350 ರೂಪಾಯಿ ಕೊಟ್ಟು ತಂದ ಮೌಸ್ ಒಂದಕ್ಕೇ. ಲ್ಯಾಪ್‌ಟಾಪ್ ಹಳೆಯದು, 8 ಜಿಬಿ ರ್‍ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕಿಟಕಿಗೆ ಅದು ಸಾಕು. ಮೌಸ್ ಮಾತ್ರ ಬೇಕೇ ಬೇಕು, ಚಕ್ರ ಒತ್ತಿ ಹಿಡಿದು ವಸ್ತುವಿನ ಸುತ್ತ ತಿರುಗದೆ ಈ ಕೆಲಸ ಆಗುವುದಿಲ್ಲ.

ರಾತ್ರಿ ಪಾತ್ರೆ ತೊಳೆದಿಟ್ಟು, ಒಂದು ಲೋಟ ಕಾಫಿ ಹಿಡಿದು ಕೂರುತ್ತೇನೆ. ಮೊದಲು ಟ್ಯಾಬ್ ಒತ್ತಿ ಮೆಶ್ ಒಳಗೆ ಹೋಗುವುದು. ಆಮೇಲೆ ಕಂಟ್ರೋಲ್ ಮತ್ತು ಆರ್. ಚೌಕಟ್ಟಿನ ಸುತ್ತ ಹಳದಿ ಗೆರೆಯೊಂದು ಬಂದು ನಿಲ್ಲುತ್ತದೆ. ಮೌಸ್ ಚಕ್ರ ತಿರುಗಿಸಿದರೆ ಒಂದು ಗೆರೆ ಎರಡಾಗುತ್ತದೆ, ಮೂರಾಗುತ್ತದೆ. ಕ್ಲಿಕ್ ಮಾಡಿ, ಸ್ವಲ್ಪ ಜರುಗಿಸಿ, ಮತ್ತೆ ಕ್ಲಿಕ್. ಆ ಎರಡು ಗೆರೆ ನಡುವಿನ ಪಟ್ಟಿಯನ್ನು ಒಂಚೂರು ಒಳಗೆ ತಳ್ಳಿದರೆ ಬಡಗಿ ಉಳಿಯಲ್ಲಿ ತೆಗೆದ ತೋಡಿನ ಹಾಗೆಯೇ ಕಾಣುತ್ತದೆ. ಈ ಒಂದು ಕೆಲಸಕ್ಕಾಗಿಯೇ ನಾನು ಸುಮ್ನೆ ಹಳೆ ಫೈಲ್ ತೆರೆದು ಕೂತದ್ದುಂಟು.

ಸರಳಿನ ವಿಷಯ ಹೇಳಲೇಬೇಕು. ಹೊಸ ಸಿಲಿಂಡರ್ ಹಾಕಿದರೆ ಬ್ಲೆಂಡರ್ 32 ಬದಿಯದ್ದು ಕೊಡುತ್ತದೆ. ಆಟ ಎಲ್ಲವನ್ನೂ ತ್ರಿಕೋನಗಳಾಗಿ ಬಿಡಿಸುತ್ತದೆ, ಆ ಲೆಕ್ಕದಲ್ಲಿ ಎರಡು ಮುಚ್ಚಳವೂ ಸೇರಿ 124. ಏಳು ಸರಳಿಗೆ 868. ಬರೀ ಸರಳಿಗೇ ಇಷ್ಟಾದರೆ ಹತ್ತು ಕಿಟಕಿಯ ಮನೆ ಕಟ್ಟಿದಾಗ ನನ್ನ ಲ್ಯಾಪ್‌ಟಾಪ್ ಪಾಡೇನು? ಸರಳಿನ ತುದಿ ಹೇಗೂ ಚೌಕಟ್ಟಿನೊಳಗೆ ಮುಳುಗಿರುತ್ತದೆ, ಮುಚ್ಚಳ ಬೇಡ. ಬದಿ ಆರು ಸಾಕು. ಒಂದಕ್ಕೆ 12 ತ್ರಿಕೋನ, ಏಳಕ್ಕೆ 84. ಆಟದ ಕ್ಯಾಮೆರಾ ಇರುವ ದೂರದಿಂದ ಸರಳು ಗುಂಡಗೇ ಕಾಣುತ್ತದೆ.

ಹೊಸಬರಿಗೆ ಒಂದು ಮಾತು. ಗೋಡೆಯ ತೂತು ಮೆಶ್‌ನಲ್ಲಿ ಇರುವುದಿಲ್ಲ. ನೀವು ಯಾವ ಕಿಟಕಿಯನ್ನು ನಕಲು ಮಾಡಿಕೊಂಡಿರೋ ಅದರ ತೂತೇ ಬರುತ್ತದೆ. ನನ್ನ ಎರಡನೇ ಕಿಟಕಿಯ ಕೆಳಗೆ ಬೆರಳು ದಪ್ಪದ ಸಂದು ಉಳಿದು ಅದರಲ್ಲಿ ಆಕಾಶ ಕಾಣುತ್ತಿತ್ತು. ಅಳತೆ ನೋಡಿ ಆರಿಸಿ, ಅಂದ ನೋಡಿ ಅಲ್ಲ. ನೆರಳಿಗೂ ಬೇರೆ ಮೆಶ್ ಇದೆ, ಅದನ್ನು ತಿದ್ದದಿದ್ದರೆ ಹೊಸ ಕಿಟಕಿಗೆ ಹಳೆ ಕಿಟಕಿಯ ನೆರಳು ಬೀಳುತ್ತದೆ.

ಮಳೆಗಾಲದಲ್ಲಿ ಇಲ್ಲಿ ಕರೆಂಟಿನ ಕಥೆ ಗೊತ್ತಲ್ಲ. ನನ್ನ ಬ್ಯಾಟರಿ ಸತ್ತು ಎಷ್ಟೋ ಕಾಲ ಆಯಿತು. ಬ್ಲೆಂಡರ್ ಎರಡು ನಿಮಿಷಕ್ಕೊಮ್ಮೆ ತಾನೇ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಎರಡು ಸಲ ಅದೇ ನನ್ನನ್ನು ಕಾಪಾಡಿತು.

ಅಜ್ಜಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಸ್ವಲ್ಪ ಹೊತ್ತು ನೋಡಿ, "ಏನೇ ಇದು, ನಮ್ ಕಿಟಕಿ ಅಲ್ವೇನೇ?" ಅಂದರು. ಆಮೇಲೆ, "ಕೆಳಗಿನ ಚಿಲಕ ಎಲ್ಲೋಯ್ತು?" ಅಂತ ಕೇಳಿದರು. ಚಿಲಕ ನಾನು ಮರೆತೇಬಿಟ್ಟಿದ್ದೆ. ಅದನ್ನು ಮಾಡಲು ಮತ್ತೊಂದು ರಾತ್ರಿ ಹಿಡಿಯಿತು.

ಒಂದು ದೂರು ಇನ್ನೂ ಉಳಿದಿದೆ. ಆ ಕೆಂಪು ನೀಲಿ ಗುರುತನ್ನು ಶುರುವಿನ ಫೈಲಿಗೆ ಸೇರಿಸಿ ಉಳಿಸಿದ್ದೇನೆ. ಆದರೆ ಆಟದಿಂದ ತೆಗೆದ ಫೈಲ್ ತನ್ನದೇ ಸೆಟ್ಟಿಂಗ್ ಹೊತ್ತುಕೊಂಡು ಬರುತ್ತದೆ, ಪ್ರತಿ ಸಲ ನಾನೇ ಗುರುತು ಹಾಕಬೇಕು. ಈಗ ಕೈ ತಾನಾಗಿಯೇ ಹೋಗುತ್ತದೆ. ಮುಂದಿನದು ಬೇಲೂರಿನ ಚೆನ್ನಕೇಶವ ದೇವಸ್ಥಾನದ ಜಾಲಂಧ್ರ, ಅಂದರೆ ತೂತು ತೂತಿನ ಕಲ್ಲಿನ ಕಿಟಕಿ. ದೇವಸ್ಥಾನ ಆದದ್ದು 1117ರಲ್ಲಿ, ಜಾಲಂಧ್ರ ಕೂರಿಸಿದ್ದು ಆಮೇಲೆ ಎರಡನೇ ಬಲ್ಲಾಳನ ಕಾಲದಲ್ಲಿ. ಅಷ್ಟು ತೂತನ್ನು ಮೆಶ್‌ನಲ್ಲೇ ಕೊರೆಯಬೇಕಾ, ಪಾರದರ್ಶಕ ಟೆಕ್ಸ್ಚರ್ ಹಾಕಬೇಕಾ ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಒಂದು ಭಾನುವಾರ ಬಸ್ ಹತ್ತಿ ಹೋಗಿ, ಕಲ್ಲಿನ ದಪ್ಪ ನೋಡಿಕೊಂಡು ಬರುತ್ತೇನೆ.