ದಾಕ್ಷಿಣ್ಯದ ಸ್ವಭಾವದವರಿಗೆ ಯಾವ ಬಟ್ಟೆ ಅಂಗಡಿ? ಬೊಟಿಕ್, ನಿಗದಿತ ದರದ ಮಳಿಗೆ, ಸ್ಟುಡಿಯೊ, ವಾಟ್ಸ್‌ಆ್ಯಪ್: ಒಂದು ಹೋಲಿಕೆ

ಅಂತರ್ಮುಖಿಗಳಿಗೆ ನಾಲ್ಕು ಮಹಡಿಯ ಜವಳಿ ಅಂಗಡಿಗಿಂತ ಚಿಕ್ಕ ಬೊಟಿಕ್ಕೇ ಹಾಯೆನಿಸಬೇಕು ಎಂದು ಹಲವರು ಅಂದುಕೊಂಡಿರುತ್ತಾರೆ. ಅಲ್ಲಿ ಗದ್ದಲವಿಲ್ಲ, ಬಾಗಿಲಲ್ಲಿ ನಿಂತು ಕರೆಯುವವರಿಲ್ಲ. ಆದರೆ ಒಂದು ಕೋಣೆಯ ಅಂಗಡಿಯಲ್ಲಿ ಗಿರಾಕಿಯೂ ಒಬ್ಬರೇ, ಅಂಗಡಿಯವರೂ ಒಬ್ಬರೇ ಆದಾಗ ದಾಕ್ಷಿಣ್ಯ ಕಾಡುತ್ತದೆ. ಇಷ್ಟೆಲ್ಲ ತೆಗೆದು ತೋರಿಸಿದ ಮೇಲೆ ಬರಿಗೈಲಿ ಹೊರಡುವುದು ಹೇಗೆ ಎಂಬ ಸಂಕೋಚಕ್ಕೇ ಎಷ್ಟೋ ಕುರ್ತಾಗಳು ಮನೆಗೆ ಬಂದು ಬೀರುವಿನಲ್ಲಿ ಕೊಳೆಯುತ್ತವೆ.

ಹಾಗಾಗಿ ಬೆಂಗಳೂರು, ಮೈಸೂರಿನಲ್ಲಿ ಸಿಗುವ ನಾಲ್ಕು ಬಗೆಯ ಅಂಗಡಿಗಳನ್ನು ಇಲ್ಲಿ ಮೂರು ಪ್ರಶ್ನೆ ಇಟ್ಟುಕೊಂಡು ನೋಡಿದ್ದೇನೆ. ಕೊಳ್ಳುವ ಮೊದಲು ಎಷ್ಟು ದಾಕ್ಷಿಣ್ಯ ಬೀಳುತ್ತದೆ? ಬಟ್ಟೆಯನ್ನು ಎಷ್ಟು ನಿರಾಳವಾಗಿ ಮುಟ್ಟಿ ನೋಡಬಹುದು? ಮನೆಗೆ ಬಂದ ಮೇಲೆ ಸರಿಹೋಗದಿದ್ದರೆ ಏನು ಗತಿ?

ಬಡಾವಣೆಯ ಬೊಟಿಕ್

ಜಯನಗರ, ಮಲ್ಲೇಶ್ವರ, ಮೈಸೂರಿನ ಸರಸ್ವತಿಪುರಂ ಕಡೆ ಮನೆಯ ನೆಲಮಹಡಿಯಲ್ಲೇ ನಡೆಯುವ ಅಂಗಡಿಗಳಿವು. ದಿನಬಳಕೆಯ ಕುರ್ತಾ, ಹತ್ತಿ ಸೀರೆ, ಹೊಲಿಸಿದ ಬ್ಲೌಸ್‌ಗೆ ನನ್ನ ಮೊದಲ ಆಯ್ಕೆ ಇವೇ. ಆದರೆ ಹೋಗುವ ಹೊತ್ತು ನೋಡಿಕೊಂಡು ಹೋಗಬೇಕು.

ಬೆಳಿಗ್ಗೆ ಜನ ಇರುವುದಿಲ್ಲವೆಂದು ಬಾಗಿಲು ತೆಗೆದ ಕೂಡಲೇ ಹೋಗುವವರಿದ್ದಾರೆ. ಅದು ಬೋಣಿಯ ಹೊತ್ತು. ಮೊದಲ ಗಿರಾಕಿ ಏನೂ ಕೊಳ್ಳದೆ ಹೋದರೆ ಇಡೀ ದಿನದ ವ್ಯಾಪಾರ ಕೆಟ್ಟಿತೆಂದು ನಂಬುವವರು ಇಂದಿಗೂ ಇದ್ದಾರೆ. ಅವರು ದರ ಇಳಿಸಿಯಾದರೂ ಒಂದು ಕೊಡಲು ನೋಡುತ್ತಾರೆ, ನೀವು ಬೇಡವೆನ್ನಲಾರದೆ ಒದ್ದಾಡುತ್ತೀರಿ. ವಾರದ ನಡುವೆ ಹನ್ನೆರಡರಿಂದ ಒಂದೂವರೆಯೊಳಗೆ ಹೋದರೆ ಬೋಣಿ ಮುಗಿದಿರುತ್ತದೆ, ಸಂಜೆಯ ಜನವೂ ಇರುವುದಿಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಎರಡು ವಾರ ಆ ಕಡೆ ಸುಳಿಯದಿರುವುದೇ ಒಳ್ಳೆಯದು. ದರ್ಜಿಯ ಕೈಯಲ್ಲಿ ಬ್ಲೌಸ್‌ಗಳ ರಾಶಿಯೇ ಇರುತ್ತದೆ, ಆಲ್ಟರೇಶನ್‌ಗೆ ಕೊಟ್ಟದ್ದು ಅವಸರದಲ್ಲಿ ಕೆಡುತ್ತದೆ.

ಒಳಗೆ ಕಾಲಿಟ್ಟ ಕೂಡಲೇ, ಅಂಗಡಿಯವರು ಕೇಳುವ ಮೊದಲೇ ಹೇಳಿಬಿಡಿ: 'ಕುರ್ತಾ ನೋಡ್ತೀನಿ, ಬೇಕಾದ್ರೆ ಕೇಳ್ತೀನಿ.' ಇಷ್ಟೇ ಸಾಕು. ಇದನ್ನು ತಡಮಾಡಿದರೆ ಮಡಿಸಿಟ್ಟ ಬಟ್ಟೆಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಬಿಚ್ಚಿದ ಪ್ರತಿಯೊಂದನ್ನೂ ಯಾರೋ ಮತ್ತೆ ಮಡಿಸಬೇಕು, ದಾಕ್ಷಿಣ್ಯ ಹುಟ್ಟುವುದು ಅಲ್ಲಿಂದಲೇ. ಆದ್ದರಿಂದ ಮೊದಲು ಹ್ಯಾಂಗರ್‌ನಲ್ಲಿರುವುದನ್ನಷ್ಟೇ ನೋಡಿ. ಸೀರೆಯಾದರೆ ಬಟ್ಟೆ, ದರ, ಬಣ್ಣ ಮೂರನ್ನೂ ಒಂದೇ ಉಸಿರಿಗೆ ಹೇಳಿ: 'ಹತ್ತಿ, ಮೂರು ಸಾವಿರದೊಳಗೆ, ತಿಳಿ ಬಣ್ಣ, ಮೂರೇ ತೋರಿಸಿ.'

ಹೊರಡುವಾಗ 'ಇವತ್ತು ಬೇಡ, ಬರ್ತೀನಿ' ಅಂದರೆ ಮಾತು ಮುಗಿಯಿತು. ಕಾರಣ ಮಾತ್ರ ಕೊಡಬೇಡಿ. ಬಣ್ಣ ಹಿಡಿಸಲಿಲ್ಲ ಎಂದರೆ ಒಳಗಿನಿಂದ ಇನ್ನೊಂದು ಬಣ್ಣ ಬರುತ್ತದೆ, ದರ ಜಾಸ್ತಿಯಾಯಿತು ಎಂದರೆ ದರ ಇಳಿಯುತ್ತದೆ. ಆಮೇಲೆ ಬೇಡವೆನ್ನುವುದು ಇನ್ನೂ ಕಷ್ಟ.

ಟ್ರಯಲ್ ರೂಮ್ ಈ ಅಂಗಡಿಗಳ ದೊಡ್ಡ ಕೊರತೆ. ಗೋಡೆಯವರೆಗೆ ಮುಟ್ಟದ ಪರದೆ, ಅರ್ಧ ಜಾಗ ತುಂಬಿದ ಸ್ಟಾಕ್, ಕನ್ನಡಿ ನೋಡಬೇಕೆಂದರೆ ಹೊರಗೇ ಬರಬೇಕು. ಹೊರಗೆ ಬಂದರೆ 'ನಿಮಗೇ ಮಾಡಿಸಿದ ಹಾಗಿದೆ' ಎಂಬ ಮಾತು ಕಾದಿರುತ್ತದೆ. ಒಳಗೆ ಸ್ಲಿಪ್, ಲೆಗ್ಗಿಂಗ್ಸ್ ಹಾಕಿಕೊಂಡು ಹೋದರೆ ಪರದೆಯ ಚಿಂತೆ ಇಲ್ಲ. ಕನ್ನಡಿಯ ಬದಲು ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಎರಡೂ ಕೈ ಮೇಲೆತ್ತಿ, ಮುಂದೆ ಚಾಚಿ, ಒಮ್ಮೆ ಬಗ್ಗಿ ನೋಡಿ. ಕಂಕುಳಲ್ಲಿ ಹಿಡಿದರೆ ಅಲ್ಲಿಗೇ ಬಿಡಿ, ಹೆಚ್ಚುವರಿ ಬಟ್ಟೆ ಕೂಡಿಸದೆ ಆ ಜಾಗ ಸಡಿಲವಾಗುವುದು ಅಪರೂಪ.

ಹಾಕಿ ನೋಡುವುದೇ ಬೇಡವೆಂದರೆ ಚೆನ್ನಾಗಿ ಕೂರುವ ನಿಮ್ಮದೇ ಒಂದು ಕುರ್ತಾ ಚೀಲದಲ್ಲಿ ಒಯ್ಯಿರಿ. ಅದನ್ನು ಹೊಸದರ ಮೇಲೆ ಹಾಸಿ ಕಂಕುಳಿಂದ ಕಂಕುಳಿಗೆ, ಭುಜ, ತೋಳಿನ ಉದ್ದ ನೋಡಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ನಂತರ ಹೊಸದನ್ನು ಒಳಮಗ್ಗಲು ತಿರುಗಿಸಿ ಪಕ್ಕದ ಹೊಲಿಗೆ ನೋಡಿ. ಹೊಲಿಗೆಯಾಚೆ ಒಂದಿಂಚು ಬಟ್ಟೆ ಉಳಿದಿದ್ದರೆ ಭರವಸೆ ಇದೆ: ಎರಡು ಪಕ್ಕ, ಪ್ರತಿ ಪಕ್ಕಕ್ಕೆ ಮುಂದೊಂದು ಹಿಂದೊಂದು ಪದರ, ನಾಲ್ಕರಲ್ಲೂ ಅರ್ಧರ್ಧ ಇಂಚು ಬಿಚ್ಚಿದರೆ ಸುತ್ತಳತೆ ಎರಡು ಇಂಚು ಹೆಚ್ಚುತ್ತದೆ. ಕಾಲಿಂಚಿಗೇ ಕತ್ತರಿಸಿ ಓವರ್‌ಲಾಕ್ ಹೊಡೆದಿದ್ದರೆ ಬಿಚ್ಚಲು ಏನೂ ಇಲ್ಲ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಸಾಮಾನ್ಯವಾಗಿ ಕುಗ್ಗುತ್ತದೆ, ಆದ್ದರಿಂದ ಅಂಗಡಿಯಲ್ಲಿ ಮೈಗೆ ಅಂಟಿ ಕೂತದ್ದು ಮನೆಯಲ್ಲಿ ಬಿಗಿಯಾಗಬಹುದು. ಗಾಢ ನೀಲಿ, ಕೆಂಪು ಇದ್ದರೆ ಕೇಳಿಕೊಂಡು ಒಳಹೊಲಿಗೆಯ ಮೇಲೆ ಒದ್ದೆ ಬಿಳಿ ಕರವಸ್ತ್ರ ಉಜ್ಜಿ. ಬಣ್ಣ ಬಿಡುವುದಾದರೆ ಅಲ್ಲೇ ಕಾಣುತ್ತದೆ.

ಬಿಲ್ ಮಾಡುವಾಗ ಮೊಬೈಲ್ ನಂಬರ್ ಕೇಳುತ್ತಾರೆ. ಕೊಟ್ಟರೆ ದಿನವೂ ಹೊಸ ಸ್ಟಾಕ್‌ನ ಫೋಟೊಗಳು ಬರುತ್ತವೆ. ನಂಬರ್ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ತಿಳಿಸಿದೆ. 'ನಂಬರ್ ಬೇಡ, ಬಿಲ್ ಕೊಡಿ' ಅಂದರಾಯಿತು.

ನಿಗದಿತ ದರದ ಮಳಿಗೆ

ಕೆಎಸ್‌ಐಸಿಯ (ರಾಜ್ಯ ಸರ್ಕಾರದ ರೇಷ್ಮೆ ನಿಗಮ) ಮೈಸೂರ್ ಸಿಲ್ಕ್ ಮಳಿಗೆ, ಪ್ರಿಯದರ್ಶಿನಿ ಹ್ಯಾಂಡ್‌ಲೂಮ್ಸ್, ಖಾದಿ ಭಂಡಾರ, ಹೆಗ್ಗೋಡಿನ 'ಚರಕ' ಮಹಿಳಾ ಸಹಕಾರ ಸಂಘದ ಬಟ್ಟೆ ಮಾರುವ ದೇಸಿ ಮಳಿಗೆ ಈ ಬಗೆಯವು. ಚೌಕಾಸಿ ಇಲ್ಲ, ಅದರಿಂದಲೇ ಅರ್ಧ ಮಾತು ಉಳಿಯುತ್ತದೆ. ಬೇಡವೆಂದು ಎದ್ದು ಹೋದರೆ ಸಾಮಾನ್ಯವಾಗಿ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಕೆಲವರಿಗೆ ಇದು ಉದಾಸೀನ ಅನಿಸಬಹುದು, ನಮ್ಮಂಥವರಿಗೆ ಇದೇ ಬೇಕಾದದ್ದು.

ರೇಷ್ಮೆ ಸೀರೆಗಂತೂ ಬೊಟಿಕ್‌ಗಿಂತ ಇವೇ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕೆಎಸ್‌ಐಸಿ ಸೀರೆಯಲ್ಲಿ ಅದರದ್ದೇ ಗುರುತಿನ ಸಂಖ್ಯೆ, ಹಾಲೋಗ್ರಾಂ ಇರುತ್ತವೆ. ಅಸಲಿಯೇ, ಜರಿ ಎಂಥದ್ದು ಎಂದು ಪಾಟಿಸವಾಲು ಮಾಡಬೇಕಿಲ್ಲ. ಬೇರೆ ಕಡೆ ಕೊಳ್ಳುವಾಗ ಶುದ್ಧ ರೇಷ್ಮೆಯ ಗುರುತಾದ ಸಿಲ್ಕ್ ಮಾರ್ಕ್ ಚೀಟಿ ನೋಡಿ.

ತೊಡಕು ಇಲ್ಲದಿಲ್ಲ. ಸೀರೆಗಳು ಕೌಂಟರ್ ಹಿಂದೆ ಇರುವುದರಿಂದ ಕೇಳದೆ ಸಿಗುವುದಿಲ್ಲ. ಸಿದ್ಧ ಉಡುಪಿನಲ್ಲಿ ಅಳತೆಗಳು ಕಡಿಮೆ, ಆಲ್ಟರೇಶನ್ ನೀವೇ ಬೇರೆ ಕಡೆ ಮಾಡಿಸಬೇಕು. ಗಾಂಧಿ ಜಯಂತಿಯ ರಿಯಾಯಿತಿ ದಿನಗಳಲ್ಲಿ ಖಾದಿ ಭಂಡಾರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕುರ್ತಾಗೆ ಖಾದಿ ಅಥವಾ ಕೈಮಗ್ಗದ ಬಟ್ಟೆ ತೆಗೆಯುವಾಗ ದರ್ಜಿ ಹೇಳಿದ್ದಕ್ಕಿಂತ ಕಾಲು ಮೀಟರ್ ಹೆಚ್ಚು ತೆಗೆದು, ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿಯೇ ಹೊಲಿಯಲು ಕೊಡಿ.

ಅಪಾಯಿಂಟ್‌ಮೆಂಟ್ ಸ್ಟುಡಿಯೊ

ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗುವ ವಸ್ತ್ರವಿನ್ಯಾಸಕರ ಸ್ಟುಡಿಯೊಗಳಿವು. ಬೇರೆ ಗಿರಾಕಿಗಳಿಲ್ಲ, ಪೂರ್ತಿ ನೆಮ್ಮದಿ ಎಂದು ಕೇಳಲು ಚೆಂದ. ಆದರೆ ನಿಮಗಾಗಿಯೇ ಬಾಗಿಲು ತೆಗೆದು ಕಾಫಿ ಕೊಟ್ಟವರ ಮುಂದೆ ಬೇಡವೆನ್ನುವುದು ಎಲ್ಲಕ್ಕಿಂತ ಕಷ್ಟ. ನೋಡಿ ಬರೋಣವೆಂದು ಇಲ್ಲಿಗೆ ಹೋಗಲೇಬಾರದು. ಮದುವೆಯ ಬ್ಲೌಸ್, ಲೆಹೆಂಗಾದಂಥ ಅಳತೆಯ ಕೆಲಸಕ್ಕೆ ಮಾತ್ರ ಸರಿ. ಮೊದಲೇ ಮೂರು ಫೋಟೊ, ಬಜೆಟ್, ಬೇಕಾದ ದಿನಾಂಕ ಬರೆದು ಕಳಿಸಿ. ಸಲಹೆಗೆ ಶುಲ್ಕ ಪಡೆಯುವ ಸ್ಟುಡಿಯೊ ಸಿಕ್ಕರೆ ಅದನ್ನೇ ಆರಿಸಿ. ಅವರ ಹೊತ್ತಿಗೆ ಹಣ ಕೊಟ್ಟಾಗಿದೆ, ಋಣ ಉಳಿಯುವುದಿಲ್ಲ.

ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಬೊಟಿಕ್

ಮಾತೇ ಆಡಬೇಕಿಲ್ಲ, ಆದರೆ ಬಟ್ಟೆಯನ್ನು ಮುಟ್ಟಿ ನೋಡುವಂತೆಯೂ ಇಲ್ಲ. ಹಣ ಕಳಿಸುವ ಮೊದಲು ಇಷ್ಟು ಕೇಳಿ: ಕಿಟಕಿ ಬೆಳಕಿನಲ್ಲಿ ಫಿಲ್ಟರ್ ಇಲ್ಲದ ಫೋಟೊ, ಎದೆಯ ಅಡ್ಡಕ್ಕೆ ಟೇಪ್ ಇಟ್ಟ ಫೋಟೊ, ಒಳಹೊಲಿಗೆಯ ಫೋಟೊ, ವಾಪಸಾತಿಯ ನಿಯಮ ಬರಹದಲ್ಲಿ. ಎಂ, ಎಲ್ ಎಂಬ ಅಳತೆ ಒಬ್ಬೊಬ್ಬರಲ್ಲಿ ಒಂದೊಂದು ಥರ, ಇಂಚು ಮಾತ್ರ ನಂಬಿ. ಹೊಸಬರಲ್ಲಿ ಮೊದಲು ಒಂದು ದುಪಟ್ಟಾ ತರಿಸಿ ಬಟ್ಟೆಯ ಗುಣ ನೋಡುವುದು ಜಾಣತನ. ಪಾರ್ಸೆಲ್ ಬಂದಾಗ ಅಂಟಿಸಿದ ಕವರ್ ತೋರಿಸುವುದರಿಂದ ಹಿಡಿದು ಬಟ್ಟೆ ಬಿಚ್ಚುವವರೆಗೆ ನಡುವೆ ನಿಲ್ಲಿಸದೆ ವಿಡಿಯೊ ಮಾಡಿ. ಹೆಚ್ಚಿನವರು ಅದಿಲ್ಲದೆ ದೂರನ್ನೇ ಕೇಳುವುದಿಲ್ಲ. ನೇರಪ್ರಸಾರದ ವಿಡಿಯೊದಲ್ಲೇ ಮಾರುವ ಲೈವ್ ಸೇಲ್‌ನಿಂದ ದೂರವಿರಿ, ಅಲ್ಲಿ ಯೋಚಿಸಲು ಬಿಡುವಿರುವುದಿಲ್ಲ.

ಸರಿಹೋಗದಿದ್ದರೆ

'ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ' ಎಂಬ ಮುದ್ರೆ ನೋಡಿ ಹಲವರು ಸುಮ್ಮನಾಗುತ್ತಾರೆ. ಅಳತೆ ಆಗಲಿಲ್ಲ, ಮನಸ್ಸು ಬದಲಾಯಿತು ಎಂಬುದಕ್ಕೆ ವಿನಿಮಯ ಅಂಗಡಿಯವರ ಇಚ್ಛೆ, ನಿಜ. ಆದರೆ ಬಟ್ಟೆಯಲ್ಲೇ ದೋಷವಿದ್ದರೆ ಮಾತು ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್‌ನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸಿಲ್ಲದಿದ್ದರೆ 30 ದಿನದೊಳಗೆ, ದೋಷವಿರುವ ಸರಕನ್ನು ವಾಪಸ್ ಪಡೆಯದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅಷ್ಟೆ. ಅಂಗಡಿಗೆ ಹೋಗಿ ವಾದಿಸುವ ಬದಲು ದೋಷದ ಫೋಟೊ, ಬಿಲ್‌ನ ಫೋಟೊ, ಎರಡು ಸಾಲಿನ ವಿವರ ಮೆಸೇಜ್ ಮಾಡಿ, ಎಷ್ಟು ದಿನದೊಳಗೆ ಉತ್ತರ ಬೇಕೆಂದೂ ಬರೆಯಿರಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಫೋನಿನಲ್ಲಿ ಮಾತಾಡಲು ಮನಸ್ಸಿಲ್ಲದವರು ಅದರ ಜಾಲತಾಣದಲ್ಲೇ ಬರೆದು ದೂರು ದಾಖಲಿಸಬಹುದು.